ದೊಡ್ಡ ಕೇನ್ ಟೋಡ್ ಕಪ್ಪೆ ಮನೆಗೆ ಬಂದಿದೆ, ಊಟ ಮುಟ್ಟುತ್ತಿಲ್ಲ. ಏನು ಕೊಡಲಿ, ಎಲ್ಲಿ ಇಡಲಿ?

ಮಲ್ಲಿಗೆ_ನೇಪರ್‌ವಿಲ್

ಎಲ್ಲರಿಗೂ ನಮಸ್ಕಾರ. ನಾವಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ, ಊರು ತೀರ್ಥಹಳ್ಳಿ ಕಡೆ. ಪಕ್ಕದ ಬೀದಿಯವರು ಬೇರೆ ರಾಜ್ಯಕ್ಕೆ ಮನೆ ಬದಲಾಯಿಸುವಾಗ ತಮ್ಮ ಕೇನ್ ಟೋಡ್ ಅನ್ನು ನನ್ನ ಮಗನಿಗೆ ಕೊಟ್ಟು ಹೋದರು. ಅವನಿಗೆ 11 ವರ್ಷ. ಎರಡು ವರ್ಷದಿಂದ ಅವರ ಮನೆಗೆ ಹೋಗಿ ಅದನ್ನೇ ನೋಡುತ್ತಾ ಕೂತಿರುತ್ತಿದ್ದ, ಹಾಗಾಗಿ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಊರಲ್ಲಿ ಬಚ್ಚಲಿಗೆ ಬರುವ ನೆಲಗಪ್ಪೆ ನೋಡಿಕೊಂಡೇ ಬೆಳೆದವಳು ನಾನು. ಆದರೆ ಇದು ಬೇರೆಯೇ ಲೆಕ್ಕ. ಮೂಗಿನಿಂದ ಹಿಂಭಾಗದವರೆಗೆ 17 ಸೆಂಟಿಮೀಟರ್. ಡಬ್ಬಿಯಲ್ಲಿ ಕೂರಿಸಿ ಅಡುಗೆಮನೆ ತಕ್ಕಡಿಯ ಮೇಲಿಟ್ಟು ಡಬ್ಬಿಯ ತೂಕ ಕಳೆದರೆ 840 ಗ್ರಾಂ. ಮಗ ಗುಂಡಮ್ಮ ಅಂತ ಹೆಸರಿಟ್ಟಿದ್ದಾನೆ.

ಬಂದು ಆರು ದಿನ ಆಯಿತು, ಏನೂ ತಿಂದಿಲ್ಲ. ಅವರು ಕೊಟ್ಟ ಗಾಜಿನ ಟ್ಯಾಂಕ್‌ನಲ್ಲೇ ಇದೆ, ಸುಮಾರು 50 ಸೆಂಟಿಮೀಟರ್ ಉದ್ದ, 25 ಅಗಲ. ತಳದಲ್ಲಿ ಬಣ್ಣದ ಸಣ್ಣ ಕಲ್ಲು, ಒಂದು ಬಟ್ಟಲು ನೀರು, ಅಷ್ಟೇ. ಬೇರೆ ದೀಪ, ಹೀಟರ್ ಏನೂ ಇಲ್ಲ. ರಾತ್ರಿ ನಾವು ಮನೆಯ ಹೀಟಿಂಗ್ 18 ಡಿಗ್ರಿಗೆ ಇಳಿಸುತ್ತೇವೆ. ವಾರಕ್ಕೆ ಎರಡು ಸಲ ಫ್ರೋಜನ್ ಇಲಿಮರಿ ಕೊಡುತ್ತಿದ್ದೆವು ಅಂತ ಅವರು ಹೇಳಿದ್ದರು. ನಮ್ಮದು ಸಸ್ಯಾಹಾರಿ ಮನೆ. ಅತ್ತೆ ಬೇರೆ ಬಂದಿದ್ದಾರೆ, ಇಲಿ ಅಂದರೆ ಅವರಿಗೆ ತುಂಬ ಸಂಕಟ. ಹುಳವಾದರೆ ಹೇಗೋ ತಡೆದುಕೊಳ್ಳುತ್ತೇನೆ, ಆದರೆ ಹಾಲು ಮೊಸರು ಇಡುವ ಫ್ರಿಜ್ಜಿಗೆ ಮಾತ್ರ ಬೇಡ ಅಂದಿದ್ದಾರೆ. ಅದು ನ್ಯಾಯವಾದ ಮಾತೇ ಅಲ್ವಾ.

ಇಲಿ ಕೊಡಲೇಬೇಕಾ? ಎಷ್ಟು ದಿನಕ್ಕೆ ಒಂದು ಸಲ ಕೊಡಬೇಕು? ಎಷ್ಟು ದೊಡ್ಡ ಟ್ಯಾಂಕ್ ಬೇಕು? ಇನ್ನೊಂದು, ಡಿಸೆಂಬರ್‌ನಲ್ಲಿ ನಾಲ್ಕು ವಾರ ಊರಿಗೆ ಹೋಗುತ್ತೇವೆ. ಆಗೇನು ಮಾಡುವುದು? ಮಗ ದಿನಾ ರಾತ್ರಿ ಎದ್ದು ಬಂದು ಟಾರ್ಚ್ ಹಾಕಿ ನೋಡುತ್ತಾನೆ, ತಿಂತಾ ಇಲ್ವಾ ಅಂತ. ದಯವಿಟ್ಟು ಗೊತ್ತಿರುವವರು ಹೇಳಿ.


ಕೆರೆದಂಡೆ

ಅಕ್ಕಾ, ಆರು ದಿನಕ್ಕೆ ಗಾಬರಿ ಬೇಡ. ನಾನು ಹೂಸ್ಟನ್‌ನಲ್ಲಿ ಒಂಬತ್ತು ವರ್ಷದಿಂದ ಒಂದು ಕೇನ್ ಟೋಡ್ ಸಾಕಿದ್ದೇನೆ. ಜಾಗ ಬದಲಾದಾಗ ಒಂದು ವಾರ, ಹತ್ತು ದಿನ ತಿನ್ನದೇ ಇರುವುದು ಮಾಮೂಲು. ಅಷ್ಟು ತೂಕದ್ದು ತಿನ್ನದೆ ಕೆಲ ದಿನ ಇರುತ್ತದೆ, ನೀರಿಲ್ಲದೆ ಇರುವುದಿಲ್ಲ. ಹಾಗಾಗಿ ಊಟದ ಮಾತು ಆಮೇಲೆ. ಮೊದಲು ಚಳಿ ಸರಿ ಮಾಡಿ.

ಇದು ದಕ್ಷಿಣ ಅಮೆರಿಕ, ಮಧ್ಯ ಅಮೆರಿಕದ ಬೆಚ್ಚಗಿನ ಊರುಗಳ ಪ್ರಾಣಿ. 18 ಡಿಗ್ರಿಯಲ್ಲಿ ಅದಕ್ಕೆ ತಿಂದದ್ದು ಅರಗುವುದಿಲ್ಲ, ಹಸಿವೂ ಆಗುವುದಿಲ್ಲ. ಹಗಲು ಟ್ಯಾಂಕಿನ ಒಂದು ಕೊನೆ 27–28 ಡಿಗ್ರಿ ಇರಲಿ, ಇನ್ನೊಂದು ಕೊನೆ 23–24. ಬೇಕಾದ ಕಡೆ ಅದೇ ಹೋಗಿ ಕೂರುತ್ತದೆ. ರಾತ್ರಿ 20ಕ್ಕಿಂತ ಕೆಳಗೆ ಇಳಿಯಬಾರದು. ಹೀಟ್ ಮ್ಯಾಟ್ ತಗೊಳ್ಳಿ, ಜೊತೆಗೆ ಬಿಸಿ ಹದ ಮೀರದಂತೆ ತಡೆಯುವ ಥರ್ಮೋಸ್ಟ್ಯಾಟ್ ತಗೊಳ್ಳಲೇಬೇಕು. ಮ್ಯಾಟ್ ಅನ್ನು ಟ್ಯಾಂಕಿನ ಪಕ್ಕದ ಗಾಜಿಗೆ ಹೊರಗಿನಿಂದ ಅಂಟಿಸಿ, ತಳಕ್ಕೆ ಬೇಡ. ಸೆಕೆ ಆದರೆ ನೆಲಗಪ್ಪೆ ಮಣ್ಣು ಬಗೆದು ಕೆಳಗೆ ಹೋಗುತ್ತದೆ. ಕೆಳಗೇ ಬಿಸಿ ಇದ್ದರೆ ತಂಪು ಅಂತ ಹೋಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ.

ಎರಡನೆಯದು ಆ ಕಲ್ಲು. ಇವತ್ತೇ ತೆಗೆದುಬಿಡಿ. ನಾಲಿಗೆ ಹೊಡೆದಾಗ ಹುಳದ ಜೊತೆ ಕಲ್ಲೂ ಒಳಗೆ ಹೋಗಿ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಸ ಟ್ಯಾಂಕ್ ಬರುವವರೆಗೆ ಒದ್ದೆ ಪೇಪರ್ ಟವೆಲ್ ಹಾಸಿದರೂ ಸಾಕು. ಟ್ಯಾಂಕ್ ಎತ್ತರ ಇರಬೇಕಿಲ್ಲ, ನೆಲ ಅಗಲ ಇರಬೇಕು. 40 ಗ್ಯಾಲನ್ ಬ್ರೀಡರ್ ಅಂತ ಸಿಗುತ್ತದೆ, 36 ಇಂಚು ಉದ್ದ 18 ಇಂಚು ಅಗಲ. ಒಂದೇ ಕಪ್ಪೆಗೆ ಅದು ಚೆನ್ನಾಗಿ ಆಗುತ್ತದೆ. ಹಳೆಯದು ಕೊಳ್ಳಿ, ಅರ್ಧ ಬೆಲೆಗೆ ಸಿಗುತ್ತದೆ. ಮೇಲೆ ಜಾಲರಿ ಮುಚ್ಚಳ ಹಾಕಿ ಕ್ಲಿಪ್ ಬಿಗಿಯಿರಿ, ಇವುಗಳ ತಲೆಗೆ ಬಲ ಜಾಸ್ತಿ, ರಾತ್ರಿ ಮುಚ್ಚಳ ದೂಡಿ ಹೊರಗೆ ಬರುತ್ತವೆ. ತಳಕ್ಕೆ ತೆಂಗಿನ ನಾರಿನ ಪುಡಿ, ಕೊಕೊ ಪೀಟ್ ಇಟ್ಟಿಗೆ ಅಂತ ಬರುತ್ತದಲ್ಲ, ಅದನ್ನು ನೆನೆಸಿ ನಾಲ್ಕು ಇಂಚು ದಪ್ಪ ಹಾಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ಸೋರಬಾರದು. ಒಂದು ಮಣ್ಣಿನ ಹೂಕುಂಡ ಅಡ್ಡ ಮಲಗಿಸಿ ಅರ್ಧ ಹೂತುಬಿಡಿ. ಅವಿತುಕೊಳ್ಳಲು ಜಾಗ ಸಿಗದಿದ್ದರೆ ಅದಕ್ಕೆ ನೆಮ್ಮದಿ ಇರುವುದಿಲ್ಲ, ತಿನ್ನದೇ ಇರಲು ಅದೂ ಒಂದು ಕಾರಣ.

ನೀರಿನ ವಿಷಯ ಸರಿಯಾಗಿ ತಿಳಿದುಕೊಳ್ಳಿ. ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗೆ ತೊಡೆ ಸೇರುವ ಕಡೆ ಚರ್ಮ ತೆಳ್ಳಗಿರುತ್ತದೆ, ಅಲ್ಲಿಂದ ಹೀರುತ್ತದೆ. ಅದಕ್ಕೇ ಬಟ್ಟಲು ಇಟ್ಟು ಪ್ರಯೋಜನವಿಲ್ಲ, ಇಡೀ ಮೈ ಇಟ್ಟು ಕೂರುವಷ್ಟು ಅಗಲದ ಬೋಗುಣಿ ಬೇಕು. ಆಳ ಭುಜದವರೆಗೆ ಸಾಕು, ಈಜು ಇದಕ್ಕೆ ಅಷ್ಟಕ್ಕಷ್ಟೇ. ನಲ್ಲಿ ನೀರಿಗೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ವಾಟರ್ ಕಂಡಿಷನರ್ ಹಾಕಿ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ನಿಜ. ಆದರೆ ತುಂಬ ಊರುಗಳಲ್ಲಿ ಕ್ಲೋರಮೈನ್ ಹಾಕುತ್ತಾರೆ, ಅದು ಹಾಗೆ ಹೋಗುವುದಿಲ್ಲ. ನೀರು ದಿನಾ ಬದಲಾಯಿಸಿ, ಯಾಕೆಂದರೆ ಇವು ಬೋಗುಣಿಯಲ್ಲೇ ಹೇತುಬಿಡುತ್ತವೆ, ಆ ನೀರನ್ನೇ ಮತ್ತೆ ಮೈಯಿಂದ ಹೀರುತ್ತವೆ.

ಈಗ ಊಟ. ಇಲಿ ಬೇಡವೇ ಬೇಡ. ನಿಮ್ಮ ಅತ್ತೆಗೆ ಸಂಕಟ ಅಂತಲ್ಲ, ಕಪ್ಪೆಗೇ ಒಳ್ಳೆಯದಲ್ಲ. ಕೇನ್ ಟೋಡ್ ಹಸಿವಿಗೆ ತಿನ್ನುವ ಪ್ರಾಣಿ ಅಲ್ಲ, ಕಣ್ಣೆದುರು ಅಲುಗಾಡಿದ್ದಕ್ಕೆಲ್ಲ ಬಾಯಿ ಹಾಕುವ ಪ್ರಾಣಿ. ಹಾಕಿದಷ್ಟೂ ತಿನ್ನುತ್ತದೆ ಅಂತ ಜನ ಹಾಕುತ್ತಾ ಹೋಗುತ್ತಾರೆ, ಅದು ಪ್ರೀತಿ ಅಂದುಕೊಳ್ಳುತ್ತಾರೆ. ನಾನೂ ಮೊದಲ ಎರಡು ವರ್ಷ ಹಾಗೇ ಮಾಡಿ ನನ್ನದನ್ನು ಕೆಡಿಸಿದ್ದೆ. ದೊಡ್ಡದಾದ ಕಪ್ಪೆಗೆ ಮೂರು ದಿನಕ್ಕೆ ಒಂದು ಸಲ ಸಾಕು. ಎರಡು ದೊಡ್ಡ ಎರೆಹುಳು, ಇಲ್ಲವೇ ಐದಾರು ಡೂಬಿಯಾ ಜಿರಳೆ, ಅಥವಾ ಅಷ್ಟೇ ಕ್ರಿಕೆಟ್ ಹುಳ. ಒಂದೇ ತರಹ ಕೊಡಬೇಡಿ, ಬದಲಾಯಿಸುತ್ತಾ ಇರಿ. ವ್ಯಾಕ್ಸ್ ವರ್ಮ್, ಸೂಪರ್ ವರ್ಮ್ ಕೊಬ್ಬಿನ ಮುದ್ದೆಗಳು, ತಿಂಗಳಿಗೆ ಒಂದೆರಡು ಸಲ ಸಾಕು.

ಎರೆಹುಳು ಮೀನು ಹಿಡಿಯುವವರ ಅಂಗಡಿಯಲ್ಲಿ ನೈಟ್‌ಕ್ರಾಲರ್ ಅಂತ ಸಿಗುತ್ತದೆ. ಬಣ್ಣ ಹಾಕಿದ ಹುಳ ಬೇಡ. ರೆಡ್ ವಿಗ್ಲರ್ ಅನ್ನುವ ಸಣ್ಣ ಕೆಂಪು ಹುಳವೂ ಬೇಡ, ಅದರ ಮೈಯಿಂದ ಕೆಟ್ಟ ರಸ ಬರುತ್ತದೆ, ಎಷ್ಟೋ ಕಪ್ಪೆಗಳು ಉಗಿದುಬಿಡುತ್ತವೆ. ಇದಕ್ಕೆ ಫ್ರಿಜ್ ಬೇಕಿಲ್ಲ, ಗರಾಜ್‌ನ ತಂಪು ಮೂಲೆಯಲ್ಲಿ ಮಣ್ಣಿನ ಡಬ್ಬಿ ಇಟ್ಟರೆ ಆಯಿತು. ಹೊರಗೆ ಹೆಪ್ಪುಗಟ್ಟುವ ಚಳಿ ಬಂದಾಗ ಮಾತ್ರ ಬೇಸ್‌ಮೆಂಟಿಗೆ ತನ್ನಿ. ಡೂಬಿಯಾ ಗಾಜಿನ ಗೋಡೆ ಹತ್ತುವುದಿಲ್ಲ, ಸದ್ದಿಲ್ಲ, ವಾಸನೆ ಕಮ್ಮಿ, ಹಾಗಾಗಿ ನಿಮ್ಮಂಥ ಮನೆಗೆ ಕ್ರಿಕೆಟ್‌ಗಿಂತ ವಾಸಿ. ಅವಕ್ಕೆ ನೀವು ಹೆಚ್ಚಿದ ಕ್ಯಾರೆಟ್, ಸಿಹಿಗೆಣಸು, ಸೊಪ್ಪಿನ ದಂಟು ಹಾಕಿ. ಹುಳ ಒಂದು ದಿನ ಅದನ್ನು ತಿಂದಿರಲಿ, ಆಮೇಲೆ ಕಪ್ಪೆಗೆ ಕೊಡಿ.

ತಿನ್ನಿಸುವುದು ಕತ್ತಲಾದ ಮೇಲೆ. ಮೊಂಡು ತುದಿಯ ಚಿಮಟದಲ್ಲಿ ಎರೆಹುಳು ಹಿಡಿದು ಅದರ ಮುಂದೆ ನಿಧಾನಕ್ಕೆ ಆಡಿಸಿ. ಹಿಂಗಾಲಿನ ಉದ್ದದ ಬೆರಳು ಪಟಪಟ ಅಲುಗಲು ಶುರುವಾಯಿತು ಅಂದರೆ ಇನ್ನೇನು ಹಾರುತ್ತದೆ ಅಂತ ಅರ್ಥ. ಮಗನಿಗೆ ಆ ಬೆರಳು ನೋಡಲು ಹೇಳಿ. ಮತ್ತೆ ರಾತ್ರಿ ಟಾರ್ಚ್ ಹಾಕುವುದು ನಿಲ್ಲಿಸಲಿ, ಪಾಪ ಅದಕ್ಕೆ ಹೆದರಿಕೆ.


ಪಶುವೈದ್ಯ_ಹೆಬ್ಬಾಳ

ಹೆಬ್ಬಾಳದಲ್ಲಿ ಓದಿ ಈಗ ಒಂಟಾರಿಯೋದಲ್ಲಿ ಕೆಲಸ ಮಾಡುತ್ತಿದ್ದೇನೆ. ಮೇಲಿನವರು ಹೇಳಿದ್ದು ಸರಿ ಇದೆ, ನಾಲ್ಕು ಮಾತು ಸೇರಿಸುತ್ತೇನೆ.

ಮೇಡಂ, ಕಲ್ಲಿನ ಮೇಲೆ ಇಷ್ಟು ದಿನ ಇದ್ದ ಪ್ರಾಣಿ ಈಗ ತಿನ್ನುತ್ತಿಲ್ಲ ಅಂದರೆ ಒಂದು ಎಕ್ಸ್‌ರೇ ಮಾಡಿಸಿಬಿಡಿ. ಬೆಚ್ಚಗೆ ಮಾಡಿ ಒಂದು ವಾರ ನೋಡೋಣ ಅನ್ನಬಹುದು. ಆದರೆ ಬಂದಾಗಿನಿಂದ ಹೇತಿದೆಯಾ ಅಂತ ನೀವು ಬರೆದಿಲ್ಲ. ಹೇತಿಲ್ಲ ಅಂದರೆ ಕಾಯಬೇಡಿ. ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರಿಗೂ ಕಪ್ಪೆ ಗೊತ್ತಿರುವುದಿಲ್ಲ. ಅಸೋಸಿಯೇಷನ್ ಆಫ್ ರೆಪ್ಟೈಲ್ ಅಂಡ್ ಆಂಫಿಬಿಯನ್ ವೆಟರಿನೇರಿಯನ್ಸ್ ಅಂತ ಒಂದು ಸಂಘ ಇದೆ, ಅವರ ಪಟ್ಟಿಯಲ್ಲಿ ನಿಮ್ಮ ಹತ್ತಿರದವರನ್ನು ಹುಡುಕಿ.

ಇಲಿಮರಿ ವಿಷಯ. ಜಾಸ್ತಿ ಕೊಬ್ಬು ತಿಂದ ಕಪ್ಪೆಗಳಿಗೆ ಕಣ್ಣಿನ ಮೇಲೆ ಬಿಳಿ ಮಚ್ಚೆ ಕೂರುತ್ತದೆ. ಅದು ಕಣ್ಣಿನ ಪಾರದರ್ಶಕ ಪದರದಲ್ಲಿ ಕೊಬ್ಬು ಸೇರಿಕೊಳ್ಳುವುದು, ಒಮ್ಮೆ ಬಂದರೆ ವಾಸಿ ಮಾಡುವುದು ಬಹಳ ಕಷ್ಟ. ಗುಂಡಮ್ಮನ ಕಣ್ಣನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿ.

ಇನ್ನು ಹುಳ ಮಾತ್ರ ಕೊಟ್ಟರೆ ಕ್ಯಾಲ್ಸಿಯಂ ಸಾಲುವುದಿಲ್ಲ. ಹುಳಗಳಲ್ಲಿ ರಂಜಕ ಜಾಸ್ತಿ, ಸುಣ್ಣ ಕಮ್ಮಿ. ಹುಳವನ್ನು ಒಂದು ಕವರಿಗೆ ಹಾಕಿ ಕ್ಯಾಲ್ಸಿಯಂ ಪುಡಿ ಚಿಟಿಕೆ ಹಾಕಿ ಅಲ್ಲಾಡಿಸಿ, ನಾವು ಚಪಾತಿ ಉಂಡೆಗೆ ಒಣ ಹಿಟ್ಟು ಸವರಿದಷ್ಟು, ಅದಕ್ಕಿಂತ ದಪ್ಪ ಬೇಡ. ಎರಡು ವಾರಕ್ಕೊಮ್ಮೆ ವಿಟಮಿನ್ ಎ ಇರುವ ಮಲ್ಟಿವಿಟಮಿನ್ ಪುಡಿ. ವಿಟಮಿನ್ ಎ ಕಮ್ಮಿಯಾದರೆ ನಾಲಿಗೆಗೆ ಹುಳ ಅಂಟುವುದೇ ನಿಂತುಹೋಗುತ್ತದೆ. ಗುರಿ ಇಟ್ಟು ಹೊಡೆಯುತ್ತದೆ, ಹುಳ ಜಾರುತ್ತದೆ, ಮತ್ತೆ ಹೊಡೆಯುತ್ತದೆ, ಮತ್ತೆ ಜಾರುತ್ತದೆ. ಹೀಗೆ ಸೊರಗಿದ ಕಪ್ಪೆಗಳನ್ನು ನಾನು ನೋಡಿದ್ದೇನೆ, ನೋಡಲು ತುಂಬ ಕಷ್ಟ ಆಗುತ್ತದೆ. ರಾತ್ರಿ ಓಡಾಡುವ ಪ್ರಾಣಿ ಆದರೂ ಹಗಲು ಕಡಿಮೆ ಪವರಿನ ಯುವಿಬಿ (ಬಿಸಿಲಿನಲ್ಲಿರುವ ಅತಿನೇರಳೆ ಕಿರಣ) ಟ್ಯೂಬ್ ಇದ್ದರೆ ಒಳ್ಳೆಯದು, 12 ಗಂಟೆ.

ತಕ್ಕಡಿ ವಿಷಯ ಒಂದು ವಿನಂತಿ. ಅಡುಗೆಮನೆಯದು ಅಡುಗೆಗೇ ಇರಲಿ, ಇದಕ್ಕೆ ಬೇರೆ ಕೊಳ್ಳಿ. ಕಪ್ಪೆ ಆರೋಗ್ಯವಾಗಿದ್ದರೂ ಅದರ ಮೈಮೇಲೆ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಬೋಗುಣಿಯನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ, ನೀರನ್ನು ಕಮೋಡಿಗೆ ಸುರಿಯಿರಿ, ತೋಟಕ್ಕೆ ಬೇಡ. ಕಪ್ಪೆಗಳ ಚರ್ಮಕ್ಕೆ ಬರುವ ಕೈಟ್ರಿಡ್ ಅನ್ನುವ ಶಿಲೀಂಧ್ರ ನೀರಿನ ಮೂಲಕ ಹರಡುತ್ತದೆ, ಜಗತ್ತಿನಲ್ಲಿ ಎಷ್ಟೋ ಜಾತಿಯ ಕಪ್ಪೆಗಳನ್ನು ಅದು ಮುಗಿಸಿಬಿಟ್ಟಿದೆ. ನಿಮ್ಮ ಸುತ್ತಲಿನ ಕಾಡುಕಪ್ಪೆಗಳಿಗೆ ಅದು ಹೋಗುವುದು ಬೇಡ.

ನಾಲ್ಕು ವಾರ ಹಾಗೇ ಬಿಟ್ಟು ಹೋಗುವ ಹಾಗಿಲ್ಲ. ದಿನಾ ಆಗದಿದ್ದರೂ ದಿನ ಬಿಟ್ಟು ದಿನ ಒಬ್ಬರು ಬಂದು ನೀರು ಬದಲಾಯಿಸಬೇಕು, ವಾರಕ್ಕೆ ಎರಡು ಸಲ ಹುಳ ಹಾಕಬೇಕು. ಚಳಿಗಾಲ ಬೇರೆ, ಹೀಟಿಂಗ್ ಇಳಿಸಿ ಹೋಗಬೇಡಿ.


ಕೇನ್ಸ್_ಕನ್ನಡಿಗ

ನಾನಿರುವುದು ಆಸ್ಟ್ರೇಲಿಯಾದ ಕೇನ್ಸ್‌ನಲ್ಲಿ. ಇಲ್ಲಿಂದ ಸ್ವಲ್ಪ ದೂರದ ಗಾರ್ಡನ್‌ವೇಲ್‌ಗೇ 1935ರಲ್ಲಿ ಹವಾಯಿಯಿಂದ ಮೊದಲ ಕೇನ್ ಟೋಡ್‌ಗಳನ್ನು ತಂದದ್ದು, ನೂರಕ್ಕೆ ಒಂದೆರಡು ಜಾಸ್ತಿ, ಅಷ್ಟೇ. ನಮ್ಮ ಮಂಡ್ಯದ ರೈತರಿಗೆ ಕಬ್ಬಿನ ಬೇರು ತಿನ್ನುವ ಗೊಣ್ಣೆ ಹುಳ ಗೊತ್ತಿದೆಯಲ್ಲ, ಇಲ್ಲೂ ಅಂಥದೇ ಕಾಟ ಇತ್ತು. ಕಪ್ಪೆ ಬಿಟ್ಟರೆ ತಿಂದುಹಾಕುತ್ತದೆ ಅಂದುಕೊಂಡರು. ಗೊಣ್ಣೆ ಮಣ್ಣಿನೊಳಗೆ, ದುಂಬಿ ಕಬ್ಬಿನ ಗರಿಯ ಮೇಲೆ. ನೆಲದ ಮೇಲೆ ಕೂತ ಕಪ್ಪೆಗೆ ಎರಡೂ ಸಿಗಲಿಲ್ಲ. ಆ ನೂರು ಕಪ್ಪೆಯ ಸಂತಾನ 2009ಕ್ಕೆ ಪಶ್ಚಿಮ ಆಸ್ಟ್ರೇಲಿಯಾ ಮುಟ್ಟಿತು. ಅದನ್ನು ಕಚ್ಚಿದ ಕ್ವಾಲ್ (ಇಲ್ಲಿನ ಒಂದು ಸಣ್ಣ ಮಾಂಸಾಹಾರಿ ಪ್ರಾಣಿ), ಉಡ, ಹಾವು, ಮೊಸಳೆ ಎಷ್ಟೋ ವಿಷಕ್ಕೆ ಸತ್ತವು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಯಾವ ಕಾರಣಕ್ಕೂ ಅದನ್ನು ಹೊರಗೆ ಬಿಡಬೇಡಿ. ಮಗ ದೊಡ್ಡವನಾಗಿ ಕಾಲೇಜಿಗೆ ಹೋದರೂ ಇದು ಇರುತ್ತದೆ, 10–15 ವರ್ಷ ಬದುಕುವ ಪ್ರಾಣಿ. ಸಾಕಲು ಆಗುವುದಿಲ್ಲ ಅನ್ನಿಸಿದರೆ ಇನ್ನೊಬ್ಬ ಸಾಕುವವರಿಗೇ ಕೊಡಿ. ಕ್ಯಾಲಿಫೋರ್ನಿಯಾದಂಥ ಕಡೆ ಪರ್ಮಿಟ್ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ, ಹಾಗಾಗಿ ನಿಮ್ಮ ರಾಜ್ಯದ ಇಲಾಖೆಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ಕಣ್ಣಿನ ಹಿಂದೆ ಎರಡೂ ಕಡೆ ಉಬ್ಬಿದ ಗಂಟು ಇದೆಯಲ್ಲ, ವಿಷ ಇರುವುದು ಅಲ್ಲೇ. ಹೆದರಿದಾಗ, ಹಿಂಡಿದಾಗ ಹಾಲಿನಂತೆ ಬೆಳ್ಳಗೆ ಒಸರುತ್ತದೆ. ಸುಮ್ನೆ ಎತ್ತಿದರೆ ಏನೂ ಆಗುವುದಿಲ್ಲ. ಆದರೂ ಪೌಡರ್ ಇಲ್ಲದ ಗ್ಲೌಸ್ ಒದ್ದೆ ಮಾಡಿ ಹಾಕಿಕೊಂಡು ಎತ್ತಲಿ, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತಲಿ, ಆಮೇಲೆ ಸೋಪು ಹಾಕಿ ಕೈ ತೊಳೆಯುವವರೆಗೆ ಕಣ್ಣು ಉಜ್ಜಬಾರದು. ಮನೆಯಲ್ಲಿ ನಾಯಿ ಇದ್ದರೆ ಆ ರೂಮಿಗೇ ಬಿಡಬೇಡಿ. ಎರಡು ಮಳೆಗಾಲದ ಹಿಂದೆ ನಮ್ಮ ನಾಯಿ ವರಾಂಡದಲ್ಲಿ ಒಂದನ್ನು ಕಚ್ಚಿತು. ಒಂದೇ ನಿಮಿಷ, ಬಾಯ ತುಂಬ ನೊರೆ, ವಸಡು ಕೆಂಡದ ಹಾಗೆ ಕೆಂಪು. ಒದ್ದೆ ಬಟ್ಟೆಯಿಂದ ವಸಡು, ನಾಲಿಗೆ ಮತ್ತೆ ಮತ್ತೆ ಒರೆಸಿದೆವು, ಪ್ರತಿ ಸಲ ಬಟ್ಟೆ ಜಾಲಿಸುತ್ತಾ. ನೀರು ಬಿಡುವುದಾದರೆ ಬಾಯಿಯ ಪಕ್ಕದಿಂದ, ತಲೆ ಕೆಳಗೆ ಮಾಡಿ, ಗಂಟಲಿಗೆ ಹೋಗದ ಹಾಗೆ. ಕಾರಿನಲ್ಲಿ ಹೋಗುವಾಗಲೂ ಒರೆಸುತ್ತಲೇ ಇದ್ದೆ. ಉಳಿಯಿತು. ಆ ರಾತ್ರಿ ನಾವ್ಯಾರೂ ಮಲಗಲಿಲ್ಲ. ಕಪ್ಪೆ ವರಾಂಡಕ್ಕೆ ಬಂದದ್ದೇ ನಾಯಿಯ ಊಟಕ್ಕೆ. ಅಲುಗಾಡದ ನಾಯಿ ಬಿಸ್ಕತ್ತನ್ನೂ ಇವು ವಾಸನೆ ಹಿಡಿದು ತಿನ್ನುತ್ತವೆ.

ಮಗನಿಗೆ ಒಂದು ಸಂಗತಿ ಹೇಳಿ. 1991ರಲ್ಲಿ ಸ್ವೀಡನ್‌ನ ಒಂದು ಸಾಕು ಕೇನ್ ಟೋಡ್ 2.65 ಕೆಜಿ ತೂಗಿತ್ತು. 2023ರ ಜನವರಿಯಲ್ಲಿ ಇಲ್ಲೇ ಕ್ವೀನ್ಸ್‌ಲ್ಯಾಂಡ್‌ನ ಕಾನ್ವೇ ನ್ಯಾಷನಲ್ ಪಾರ್ಕ್‌ನಲ್ಲಿ 2.7 ಕೆಜಿಯದು ಸಿಕ್ಕಿತು. ಆದರೆ ಅವನ ಗುಂಡಮ್ಮ ಅಷ್ಟು ದಪ್ಪ ಆಗಬಾರದು.


ಹೊಸ್ತಿಲು_ಮದ್ದೂರು

ಇದನ್ನು ಓದಿ ನನ್ನ ಮಗಳು ನಮ್ಮ ಬಚ್ಚಲಿಗೆ ಬರುವ ಕಪ್ಪೆಯನ್ನೂ ಟ್ಯಾಂಕ್‌ನಲ್ಲಿ ಸಾಕೋಣ ಅಂತ ಹಟ ಹಿಡಿದಿದ್ದಾಳೆ. ಮುಷ್ಟಿಗಾತ್ರ ಇದೆ, ತುಟಿ ಅಂಚು, ಹುಬ್ಬಿನ ಏಣು ಎಲ್ಲ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಸಾಕಬಹುದಾ?


ಕೆರೆದಂಡೆ

ಬೇಡ ಸರ್. ಅದು ನಮ್ಮ ಊರಿನ ಸಾಮಾನ್ಯ ನೆಲಗಪ್ಪೆ. ಹೊರಗೆ ಹುಟ್ಟಿ ಬೆಳೆದದ್ದನ್ನು ಗಾಜಿನೊಳಗೆ ಹಾಕಿದರೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಅಕ್ಕನ ಮನೆಯದು ಆಗಲೇ ಮನೆಯಲ್ಲಿ ಬೆಳೆದದ್ದು, ಹೊರಗೆ ಬಿಡಲೂ ಆಗದ್ದು, ಅದಕ್ಕೆ ಬೇರೆ ದಾರಿ ಇಲ್ಲ. ನಿಮ್ಮದಕ್ಕೆ ಇಡೀ ಹಿತ್ತಲು ಇದೆ. ಮಗಳಿಗೆ ಒಡೆದ ಮಡಕೆ ಒಂದು ಕೊಡಿ, ತುಂಬೆ ಗಿಡದ ಬುಡದಲ್ಲೋ ತೆಂಗಿನ ಪಾತಿಯಲ್ಲೋ ಬೋರಲು ಹಾಕಿ ಒಂದು ಬದಿ ಬಾಗಿಲು ಬಿಡಲಿ. ಪಕ್ಕದಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರು ಇಡಲಿ. ಆ ಕಡೆ ಕೀಟನಾಶಕ ಹೊಡೆಯಬೇಡಿ. ಸಂಜೆ ಹಿತ್ತಲ ಲೈಟ್ ಹಾಕಿ ಕೂತರೆ ದೀಪದ ಹುಳ ತಿನ್ನಲು ತಾನೇ ಬರುತ್ತದೆ. ದಿನಾ ಅದೇ ಕಪ್ಪೆ ಅದೇ ಜಾಗಕ್ಕೆ ಬರುವುದು ಅವಳಿಗೆ ಗೊತ್ತಾಗುತ್ತದೆ.


ಮಲ್ಲಿಗೆ_ನೇಪರ್‌ವಿಲ್

ಹತ್ತು ವಾರ ಆಯಿತು, ಎಲ್ಲರಿಗೂ ತಿಳಿಸಬೇಕು ಅನ್ನಿಸಿತು. ಎಕ್ಸ್‌ರೇಯಲ್ಲಿ ಎರಡು ಕಲ್ಲು ಕಂಡವು. ಡಾಕ್ಟರ್ ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ ನೋಡೋಣ ಅಂದರು, ಐದನೆಯ ದಿನ ಎರಡೂ ಹೊರಗೆ ಬಂದವು. ನಾನು ಅತ್ತುಬಿಟ್ಟೆ. ಒಂದು ಹಸಿರು, ಒಂದು ನೀಲಿ. ಕಣ್ಣು ಚೆನ್ನಾಗಿವೆಯಂತೆ. ತೂಕ ಈಗ 775, ನಿಧಾನಕ್ಕೆ ಇನ್ನೂ ಇಳಿಯಬೇಕಂತೆ.

ದೊಡ್ಡ ಟ್ಯಾಂಕ್ ಬಂತು, ತೆಂಗಿನ ನಾರು, ಮಡಕೆ ಎಲ್ಲ ಆಯಿತು. ಬೆಚ್ಚಗಾಗಿ ಹನ್ನೊಂದನೆಯ ರಾತ್ರಿ ಮೊದಲ ಎರೆಹುಳು ತಿಂದಳು. ನೀವು ಹೇಳಿದ ಬೆರಳು ಮಗನೇ ಮೊದಲು ಕಂಡದ್ದು. ಹುಳದ ಅರ್ಧ ಹೊರಗೆ ಒದ್ದಾಡುತ್ತಿದ್ದರೆ ಮುಂಗೈ ಎರಡರಲ್ಲೂ ಬಾಯಿಗೆ ತುರುಕಿಕೊಂಡಳು, ಮೈಗೆ ಅಂಟಿದ ಮಣ್ಣನ್ನೂ ಕೈಯಲ್ಲೇ ಒರೆಸಿ ತೆಗೆದಳು. ನುಂಗುವಾಗ ಎರಡೂ ಕಣ್ಣು ತಲೆಯೊಳಗೆ ಇಳಿದು ಮತ್ತೆ ಮೇಲೆ ಬಂದವು. ಕಣ್ಣಿನ ಗುಡ್ಡೆಯಿಂದಲೇ ಊಟವನ್ನು ಗಂಟಲಿಗೆ ತಳ್ಳುತ್ತವಂತೆ.

ಅತ್ತೆ ಮೊದಲು ಆ ರೂಮಿಗೇ ಬರುತ್ತಿರಲಿಲ್ಲ. ಆಮೇಲೆ ಒಂದು ದಿನ ಮೊಮ್ಮಗನ ಪಕ್ಕ ಕೂತು ಶೃಂಗೇರಿಯ ಕಪ್ಪೆ ಶಂಕರನ ಕಥೆ ಹೇಳಿದರು, ಬಿಸಿಲಲ್ಲಿ ಹೆರಿಗೆ ನೋವಿನಲ್ಲಿದ್ದ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಹಿಡಿದದ್ದು. ಈಗ ಡೂಬಿಯಾಗಳಿಗೆ ಕ್ಯಾರೆಟ್ ತುರಿದು ಕೊಡುವವರು ಅವರೇ. ಹುಳ ಹಾಕುವಾಗ ಮಾತ್ರ ಎದ್ದು ಹೋಗುತ್ತಾರೆ, ನಾವೂ ಕರೆಯುವುದಿಲ್ಲ. ಡಿಸೆಂಬರ್‌ಗೆ ಕನ್ನಡ ಕೂಟದ ಒಂದು ಮನೆಯವರು ಒಪ್ಪಿದ್ದಾರೆ. ಮಗ ಅವರಿಗೆ ಎರಡು ಪುಟ ಬರೆದಿಟ್ಟಿದ್ದಾನೆ.

ಒಂದು ಕೇಳುವುದಿದೆ. ನಿನ್ನೆ ರಾತ್ರಿ ಬೆನ್ನು ಗೂನು ಮಾಡಿ, ಮೈ ಉಬ್ಬಿಸಿ, ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದಳು. ಬಾಯಿಯ ಎರಡೂ ಬದಿಯಿಂದ ತೆಳ್ಳಗಿನ ಜಿಗುಟು ಹಾಳೆಯಂಥದ್ದು ಒಳಗೆ ಹೋಗುತ್ತಿತ್ತು. ಮೈ ಪೂರ್ತಿ ಹೊಳೆಯುತ್ತಿತ್ತು. ಏನಾದರೂ ತೊಂದರೆಯಾ?


ಕೆರೆದಂಡೆ

ಅಕ್ಕಾ, ಪೊರೆ ಬಿಟ್ಟಿದ್ದಾಳೆ. ಆ ಪೊರೆಯನ್ನು ತಾನೇ ತಿನ್ನುತ್ತಾಳೆ. ತಿನ್ನಲಿ, ಮುಟ್ಟಬೇಡಿ. ಬೋಗುಣಿ ನೀರು ಮಾತ್ರ ಬದಲಾಯಿಸಿ, ಇವತ್ತು ಹುಳ ಹಾಕುವುದು ಬೇಡ, ನಾಳೆ ಹಾಕಿ.